ವಿಮಾನಕ್ಕೆ ಕಟ್ಟಿದ ಕೆಂಪು ಟ್ಯಾಗ್

ಕಳೆದ ಚಳಿಗಾಲದಲ್ಲಿ ನನ್ನನ್ನು ಮೂರು ವಾರದ ಕೆಲಸಕ್ಕೆ ಮತ್ತೆ ಸೌದಿಯ ಜುಬೈಲ್‌ಗೆ ಕಳಿಸಿದರು. ನಾನೀಗ ಜಿದ್ದಾದಲ್ಲಿ ಬೇರೊಂದು ಕಂಪನಿಯ ನೌಕರ. ಒಂಬತ್ತು ವರ್ಷ ಬೆವರು ಸುರಿಸಿದ ಹಳೆಯ ಪ್ಲಾಂಟಿನ ಗೇಟಿನಲ್ಲಿ ನನ್ನ ಕೈಗೆ ವಿಸಿಟರ್ ಪಾಸ್ ಕೊಟ್ಟಾಗ ನಗು ಬಂತು. ಪಾಸ್ ಕೊಟ್ಟ ಹುಡುಗ, ಒಳಗೆ ದಾರಿ ಗೊತ್ತಿದೆಯೇ ಎಂದು ಹಿಂದಿಯಲ್ಲಿ ಕೇಳಿದ. ಕಣ್ಣು ಕಟ್ಟಿ ಬಿಟ್ಟರೂ ಹೋಗುತ್ತೇನೆ ಎಂದೆ.

ಇನ್‌ಸ್ಟ್ರುಮೆಂಟ್ ವರ್ಕ್‌ಶಾಪಿನ ಬಾಗಿಲು ತೆರೆದರೆ ಅದೇ ವಾಸನೆ. ಸ್ಪ್ರೇ ಎಣ್ಣೆ, ಬಿಸಿಯಾದ ವೈರು, ಯಾರೋ ಕುಡಿಯಲು ಮರೆತ ಸುಲೈಮಾನಿ ಚಹಾ. ತಲೆ ಎತ್ತಿ ಕಿಟಕಿಯ ಪಕ್ಕದ ಕಪಾಟಿನ ಕಡೆ ನೋಡಿದೆ. ಮೇಲಿನ ಹಲಗೆಯ ಮೇಲೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಯುದ್ಧವಿಮಾನ ಧೂಳು ಹೊತ್ತು ಕೂತಿತ್ತು. ಎರಡನೇ ಮಹಾಯುದ್ಧದ ಕಾಲದ್ದು, ಮೂಗಿನ ಮೇಲೆ ಮೂರು ರೆಕ್ಕೆಯ ಫ್ಯಾನು, ಅಂಚು ದುಂಡಗಾದ ಅಗಲ ರೆಕ್ಕೆಗಳು. ಸ್ಪಿಟ್‌ಫೈರ್. ಅದನ್ನು ಕಟ್ಟಿದವನು ನಾನು. ಕಟ್ಟಿದ ಬೇಸಿಗೆಯನ್ನು ನಾನು ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ನನ್ನ ಕಸುಬು ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಪ್ಲಾಂಟಿನ ದೊಡ್ಡ ಪೈಪುಗಳಲ್ಲಿ ಎಷ್ಟು ಹರಿಯಬೇಕು ಎಂಬುದನ್ನು ಹಿಡಿತದಲ್ಲಿಡುವ ವಾಲ್ವ್‌ಗಳಿರುತ್ತವೆ. ಅವು ಗಾಳಿಯ ಒತ್ತಡದಿಂದ ಏಳುತ್ತವೆ, ಇಳಿಯುತ್ತವೆ. ಪಕ್ಕದಲ್ಲೊಂದು ಸಣ್ಣ ಪೆಟ್ಟಿಗೆ, ಅದರೊಳಗೆ ಅಕ್ಕಿಕಾಳಿನಷ್ಟು ಸ್ಕ್ರೂಗಳು. ನನ್ನ ಅನ್ನ ಆ ಸ್ಕ್ರೂಗಳಲ್ಲಿತ್ತು. ಅಂಥ ವಾಲ್ವಿಗೆ ಕೈ ಹಾಕುವ ಮೊದಲು ಗಾಳಿ ಬರುವ ದಾರಿಯನ್ನು ಮುಚ್ಚಿ, ಮುಚ್ಚಿದಲ್ಲಿ ಒಂದು ಕೆಂಪು ಟ್ಯಾಗ್ ಕಟ್ಟಬೇಕು. ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ‘ಅಪಾಯ, ಮುಟ್ಟಬೇಡಿ’ ಎಂದು ಅಚ್ಚಾಗಿರುವ ರಟ್ಟಿನ ಚೀಟಿ. ಅದರ ಮೇಲೆ ಕೆಲಸದವನ ಹೆಸರು, ತಾರೀಕು, ಕಾರಣ. ಅದನ್ನು ಕಟ್ಟಿದವನೇ ಬಿಚ್ಚಬೇಕು. ಮ್ಯಾನೇಜರ್ ಬಂದರೂ ಬಿಚ್ಚುವಂತಿಲ್ಲ. ನಮ್ಮೂರ ಕಡೆ ಅಣ್ಣಪ್ಪ ದೈವದ ಮೇಲೆ ಇಟ್ಟ ಆಣೆಯನ್ನು ಯಾರೂ ಮೀರುವಂತಿಲ್ಲವೋ, ಅಲ್ಲಿ ಟ್ಯಾಗ್ ಹಾಗೆ.

ಆ ವರ್ಷ ಬೇಸಿಗೆ ಏರುವ ಮೊದಲೇ ಶಟ್‌ಡೌನ್ ಬಂತು. ಶಟ್‌ಡೌನ್ ಅಂದರೆ ಇಡೀ ಪ್ಲಾಂಟನ್ನು ನಿಲ್ಲಿಸಿ ಒಂದೇ ಉಸಿರಿಗೆ ರಿಪೇರಿ ಮುಗಿಸುವ ವಾರಗಳು. ಉತ್ತರದ ಗಾಳಿ ಬೀಸಿ ಹಗಲೆಲ್ಲ ಧೂಳು. ಹತ್ತಡಿ ದೂರದ ಮನುಷ್ಯ ಯಾರೆಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಪರ್ಮಿಟ್ ಆಫೀಸಿನಿಂದ ಮೂರು ಖಾಲಿ ಟ್ಯಾಗ್ ತೆಗೆದುಕೊಂಡೆ. ಒಂದನ್ನು ಬರೆದು ಕಟ್ಟಿದೆ, ಉಳಿದ ಎರಡನ್ನು ಕವರಾಲಿನ ಎದೆಜೇಬಿಗೆ ಹಾಕಿದೆ. ವಾಲ್ವಿನ ಪಕ್ಕದ ತೋಳಿನ ಪಿನ್ನು ಎಳೆಯುತ್ತಿದ್ದೆ. ನಾನು ಮುಚ್ಚಿದ್ದ ಗಾಳಿಯ ದಾರಿಯನ್ನು ಯಾರೋ ತೆರೆದರು. ತೋಳು ಮೇಲೆದ್ದಿತು, ನನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಕಬ್ಬಿಣಕ್ಕೆ ಒತ್ತಿ ಹಿಡಿಯಿತು. ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ, ಅಷ್ಟು ಗಾಳಿ.

ಆಸ್ಪತ್ರೆಯಲ್ಲಿ ತಂತಿ ಹಾಕಿ ಹೊಲಿದರು. ಬೆರಳು ಉಳಿಯಿತು. ಹಿಡಿತ ಬರುತ್ತದೋ ಇಲ್ಲವೋ ಅದು ನಿನ್ನ ಕೈಯಲ್ಲಿದೆ ಎಂದು ಡಾಕ್ಟರ್ ಹೇಳಿದರು. ಬ್ಯಾಂಡೇಜಿನ ಉಂಡೆಯಾಗಿದ್ದ ಕೈಯನ್ನು ನಾನು ಸುಮ್ಮನೆ ನೋಡಿದೆ.

ಆಮೇಲೆ ವಿಚಾರಣೆ ಆಯಿತು. ಟ್ಯಾಗ್ ಇರಲಿಲ್ಲ ಎಂದರು. ಇತ್ತು ಎಂದೆ. ಎಲ್ಲಿ ಎಂದರು. ನಾನು ಕಟ್ಟಿದ್ದೆ, ಯಾರೋ ಬಿಚ್ಚಿದ್ದಾರೆ ಎಂದೆ. ಯಾರು ಎಂದರು. ಧೂಳಿನಲ್ಲಿ ನನಗೆ ಹೇಗೆ ಕಾಣಬೇಕು? ಮೂರು ಟ್ಯಾಗ್ ತಂದಿದ್ದೆ, ಜೇಬಿನಲ್ಲಿ ಎರಡೇ ಇವೆ ಎಂದು ಆಸ್ಪತ್ರೆಯವರು ಕೊಟ್ಟ ಚೀಲದಿಂದ ಕವರಾಲ್ ತೆಗೆದು ತೋರಿಸಿದೆ. ಪರ್ಮಿಟ್ ಆಫೀಸಿನಲ್ಲಿ ಯಾರು ಎಷ್ಟು ತೆಗೆದುಕೊಂಡರೆಂದು ಬರೆದಿಡುವುದಿಲ್ಲವಂತೆ. ನನ್ನ ಮುಂದೆ ಒಂದು ಕಾಗದ ಇಟ್ಟರು. ಟ್ಯಾಗ್ ಕಟ್ಟದೆ ಕೆಲಸ ಮಾಡಿದೆ ಎಂದು ಒಪ್ಪಿ ಸಹಿ ಹಾಕಿದರೆ ಸ್ಟೋರಿನಲ್ಲಿ ಹೆಲ್ಪರ್ ಕೆಲಸ. ಹಾಕದಿದ್ದರೆ, ಇಕಾಮಾ, ಅಂದರೆ ಇಲ್ಲಿರಲು ಕೊಡುವ ಪರವಾನಗಿ, ಮುಗಿಯಲು ಇನ್ನು ಮೂರು ತಿಂಗಳಿದೆ, ಅದು ಮುಗಿದ ಮೇಲೆ ಫೈನಲ್ ಎಕ್ಸಿಟ್, ಅಂದರೆ ಊರಿಗೆ ಒಂದೇ ದಾರಿಯ ಟಿಕೆಟ್.

ಬಲಗೈಯಲ್ಲಿ ಪೆನ್ನು ಹಿಡಿಯಲಾಗದು ಎಂದು ಹೇಳಿ ಎದ್ದು ಬಂದೆ. ಎಡಗೈಯಲ್ಲಿ ಹಾಕಬಹುದು ಎಂದು ಹಿಂದಿನಿಂದ ಯಾರೋ ಅಂದರು. ಕೇಳದವನ ಹಾಗೆ ನಡೆದೆ.

ಕ್ಯಾಂಪಿನಲ್ಲಿ ನಮ್ಮ ರೂಮಿನಲ್ಲಿ ನಾಲ್ಕು ಮಂಚ. ಎದುರಿನ ಮಂಚದಲ್ಲಿ ಹಮೀದಾಕ. ಉಪ್ಪಿನಂಗಡಿಯ ಕಡೆಯ ಬ್ಯಾರಿ, ಪೈಪ್ ಫಿಟ್ಟರ್, ನನಗಿಂತ ಹದಿನಾಲ್ಕು ವರ್ಷ ದೊಡ್ಡವರು. ಉಳಿದಿಬ್ಬರು ಶಿಫ್ಟ್ ಬದಲಾದಂತೆ ಬದಲಾಗುತ್ತಿದ್ದರು, ಹಮೀದಾಕ ಮಾತ್ರ ಕ್ಯಾಂಪಿನ ಗೋಡೆಯಂತೆ ಇದ್ದಲ್ಲೇ ಇದ್ದರು. ಬೆಳಗಿನ ಬಸ್ಸಿಗೆ ಎಲ್ಲರೂ ಹೋದ ಮೇಲೆ ರೂಮಿನಲ್ಲಿ ನಾನೊಬ್ಬನೇ. ಕಿಟಕಿಯ ಏಸಿ ನೀರು ತೊಟ್ಟಿಕ್ಕುತ್ತಿತ್ತು. ಕ್ಲಿನಿಕ್ಕಿನವರು ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ನೂರು ಸಲ ಹಿಸುಕು ಎಂದಿದ್ದರು. ಐದನೇ ಸಲಕ್ಕೆ ಕಣ್ಣಲ್ಲಿ ನೀರು ಬರುತ್ತಿತ್ತು, ನೀರಿಗಿಂತ ಹೆಚ್ಚು ಸಿಟ್ಟು. ಒಂದು ದಿನ ಚೆಂಡನ್ನು ಗೋಡೆಗೆ ಬೀಸಿದೆ. ಅದು ತಿರುಗಿ ಬಂದು ನನ್ನ ಮೊಣಕಾಲಿಗೇ ಬಡಿಯಿತು. ಆ ಹೊತ್ತಿಗೆ ಬಾಗಿಲು ತೆರೆದವರು ಹಮೀದಾಕ.

ಅವರು ಮಕ್ಕಾದಲ್ಲಿ ಉಮ್ರಾ ಮುಗಿಸಿ ಬಂದಿದ್ದರು. ಬರುವಾಗ ಜಿದ್ದಾದಲ್ಲಿ ಒಂದು ದಿನ ನಿಂತಿದ್ದರಂತೆ. ಖರ್ಜೂರ, ಜಂಜಂ ನೀರು ಎಲ್ಲ ಹೊರಗೆ ಬಂತು. ಕೊನೆಗೆ ಚೀಲದ ತಳದಿಂದ ಒಂದು ಬಣ್ಣದ ಡಬ್ಬಿ. ಅದರ ಮೇಲೆ ಮೋಡ ಸೀಳುವ ಯುದ್ಧವಿಮಾನದ ಚಿತ್ರ.

“ಮೊಮ್ಮಗನಿಗೆ ತಂದದ್ದು. ನೀನು ಕಟ್ಟು,” ಎಂದರು.

“ಎಂತ ಹಮೀದಾಕ, ಮಕ್ಕಾಕ್ಕೆ ಹೋದವರು ಫೈಟರ್ ವಿಮಾನ ತರುವುದಾ?”

“ಮಕ್ಕಾದಿಂದ ಅಲ್ಲ ಮಾರಾಯ, ಜಿದ್ದಾದಿಂದ. ಚೆಂಡು ಹಿಸುಕಿದ್ರೆ ಬೆರಳು ಬರ್ತದಾ? ಬೆರಳಿಗೆ ಕೆಲಸ ಬೇಕು. ಕೆಲಸ ಇಲ್ಲದ ಬೆರಳು, ಕೆಲಸ ಇಲ್ಲದ ಗಂಡಸು, ಎರಡೂ ಒಂದೇ. ಮನೆಯಲ್ಲಿ ಎಲ್ಲರ ಮೇಲೆ ಸಿಟ್ಟು ಮಾಡ್ತಾ ಕೂತುಕೊಳ್ತದೆ.”

“ಮೊಮ್ಮಗ?”

“ಅವನಿಗೆ ಇನ್ನೊಂದು ತರ್ತೇನೆ. ನಿನಗೆ ಬೆರಳು ಇನ್ನೊಂದು ತರ್ಲಿಕ್ಕೆ ಆಗುದಿಲ್ಲ.”

ಕ್ಯಾಂಪಿನಲ್ಲಿ ಅಂಟು ಇಟ್ಟುಕೊಳ್ಳುವಂತಿರಲಿಲ್ಲ, ಥಿನ್ನರ್ ಇಲ್ಲ, ಬ್ಲೇಡ್ ಇಲ್ಲ. ಬೆಂಕಿಯ ಭಯ, ಜಗಳದ ಭಯ. ಹಮೀದಾಕನಿಗೆ ಅದು ಗೊತ್ತಿತ್ತು. ಅಂಗಡಿಯಲ್ಲಿ ಕೇಳಿಯೇ ಅಂಟು ಬೇಡದ ಜಾತಿಯದನ್ನು ಆರಿಸಿದ್ದರು. ಒಂದು ತುಂಡಿನ ಮೊಳೆ ಇನ್ನೊಂದು ತುಂಡಿನ ತೂತಿಗೆ ಒತ್ತಿದರೆ ಟಕ್ ಎಂದು ಕೂತುಕೊಳ್ಳುತ್ತದೆ, ಅಷ್ಟೇ. ಡಬ್ಬಿ ಬಿಚ್ಚಿದಾಗ ಹೊಸ ಪ್ಲಾಸ್ಟಿಕ್ಕಿನ ವಾಸನೆ ರೂಮು ತುಂಬಿತು. ಬೂದು ಬಣ್ಣದ ಮೂರು ಚೌಕಟ್ಟುಗಳು, ಅವುಗಳ ಕಡ್ಡಿಗಳಿಗೆ ಅಂಟಿಕೊಂಡ ನಲವತ್ತು ಚಿಲ್ಲರೆ ತುಂಡುಗಳು, ಒಂದೊಂದಕ್ಕೂ ನಂಬರು. ತುಂಡುಗಳನ್ನು ಬಿಡಿಸಲು ಬ್ಲೇಡ್ ಇಲ್ಲದ್ದರಿಂದ ಉಗುರು ಕತ್ತರಿಸುವ ನೇಲ್‌ಕಟರ್ ಹಿಡಿದೆ.

ಏನು ಮಕ್ಕಳಾಟ ಎಂದುಕೊಂಡು ಶುರು ಮಾಡಿದೆ. ಮೊದಲ ದಿನ ಪೈಲಟ್ ಕೂರುವ ಸೀಟೊಂದನ್ನು ಬಿಡಿಸಲು ಬೆಳಗಿನ ಚಹಾದಿಂದ ಮಧ್ಯಾಹ್ನದ ಊಟದವರೆಗೆ ಹಿಡಿಯಿತು. ಹೆಬ್ಬೆರಳು ಮಡಚುತ್ತಿರಲಿಲ್ಲ. ತೋರುಬೆರಳಿನ ತುದಿಗೆ ಏನು ಮುಟ್ಟುತ್ತಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. ಸೀಟು ಜಾರಿ ಬಿತ್ತು, ಮಂಚದ ಅಡಿಗೆ ಹೋಯಿತು. ನಾನೂ ಮಂಚದ ಅಡಿಗೆ ಹೋದೆ. ನಲವತ್ತಮೂರು ವರ್ಷದ ಗಂಡಸು, ಎರಡು ಮಕ್ಕಳ ತಂದೆ, ಕೈಯಲ್ಲಿ ಟಾರ್ಚ್ ಹಿಡಿದು ಹೆಸರುಕಾಳಿನಷ್ಟು ಕುರ್ಚಿ ಹುಡುಕುತ್ತಿದ್ದೇನೆ. ಎಡಗೈಯಲ್ಲಿ ಮಾಡಿದರೆ ಎರಡು ನಿಮಿಷದ ಕೆಲಸ. ಎಡಗೈಯನ್ನು ಬೆನ್ನ ಹಿಂದೆ ಲುಂಗಿಯ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನೀನಾ ನಾನಾ ನೋಡೇ ಬಿಡುತ್ತೇನೆ ಎಂದು ಬೆರಳಿಗೆ ಹೇಳಿದೆ.

ಹೊರಗೆ ಬೇಸಿಗೆ ಪೂರ್ತಿ ಬಂದಿತ್ತು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದು ಎಂಬ ಸರ್ಕಾರದ ನಿಯಮ ಶುರುವಾಗಿ ಬಸ್ಸುಗಳು ಇನ್ನೂ ಬೇಗ ಹೊರಡುತ್ತಿದ್ದವು. ಸಮುದ್ರದ ಕಡೆಯಿಂದ ಒದ್ದೆ ಶೆಕೆ. ಬಾಗಿಲು ತೆರೆದರೆ ಕನ್ನಡಕ ಮಂಜಾಗುತ್ತಿತ್ತು. ನಾನು ಮೇಜಿನ ಮುಂದೆ ಕೂತು, ಹೊಟ್ಟೆಯ ಎರಡು ಭಾಗಗಳನ್ನು ಎದುರುಬದುರು ಹಿಡಿದು, ಮೊಳೆ ತೂತಿಗೆ ಸರಿಯಾಗಿದೆಯೇ ಎಂದು ನೋಡಿ, ಹೆಬ್ಬೆರಳಿಂದ ಒತ್ತುತ್ತಿದ್ದೆ. ಜೋಡಣೆ ಓರೆಯಾಗಿದ್ದರೆ ಎಷ್ಟು ಒತ್ತಿದರೂ ಕೂರುವುದಿಲ್ಲ. ಸಿಟ್ಟಿನಿಂದ ಒತ್ತಿದರೆ ಪ್ಲಾಸ್ಟಿಕ್ ಬೆಳ್ಳಗಾಗುತ್ತದೆ, ಆಮೇಲೆ ಮುರಿಯುತ್ತದೆ. ಮೊದಲ ಟಕ್ ಕೇಳಿದ ದಿನ ನಾನು ಒಬ್ಬನೇ ಕೂತು ನಕ್ಕೆ. ಆ ಸದ್ದು ಕಿವಿಗೆ ಮಾತ್ರವಲ್ಲ, ತೋರುಬೆರಳಿನ ತುದಿಗೂ ಬಂದಿತ್ತು. ಒಂದೂವರೆ ತಿಂಗಳ ನಂತರ ಆ ಬೆರಳು ಒಂದು ಸುದ್ದಿ ಹೇಳಿತು.

ಎಲ್ಲವೂ ಹೀಗೆ ಸಲೀಸಾಗಿ ಆಯಿತೆಂದಲ್ಲ. ಚಕ್ರದ ಕಾಲಿನ ಮೊಳೆಯನ್ನು ಒಂದು ಬೆಳಿಗ್ಗೆ ಮುರಿದೇಬಿಟ್ಟೆ. ಅಂಟಿಲ್ಲ, ಇನ್ನೊಂದು ಕಾಲಿಲ್ಲ. ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ಹಮೀದಾಕ ಬಂದು ನೋಡಿ, ತಮ್ಮ ಜೇಬಿನಿಂದ ಬಿಳಿ ಟೆಫ್ಲಾನ್ ಟೇಪಿನ ಸುರುಳಿ ತೆಗೆದು ಮೇಜಿನ ಮೇಲೆ ಇಟ್ಟರು. ನಲ್ಲಿಯ ತಿರುಪಿನಿಂದ ನೀರು ಸೋರದಂತೆ ಸುತ್ತುವ ಅದೇ ಟೇಪು. “ಪೈಪು ನಿಲ್ತದೆ, ವಿಮಾನ ನಿಲ್ಲುದಿಲ್ಲವಾ?” ಎಂದರು. ಉಳಿದ ಮೊಂಡು ಮೊಳೆಗೆ ಒಂದೂವರೆ ಸುತ್ತು ಸುತ್ತಿ ಒತ್ತಿದೆ. ಕಾಲು ಬಿಗಿಯಾಗಿ ನಿಂತಿತು. ಇಂದಿಗೂ ಆ ವಿಮಾನದ ಎಡಗಾಲಿಗೆ ಬಿಳಿ ಪಟ್ಟಿ ಇದೆ.

ಇಷ್ಟಾಗುವಾಗ ನಮ್ಮ ರೂಮು ಸಂತೆಯಾಗಿತ್ತು. ಪಕ್ಕದ ರೂಮಿನವರು ಚಹಾ ಲೋಟ ಹಿಡಿದು ಬರುವುದು, ಬಂದವರೆಲ್ಲ ವಿಮಾನವನ್ನು ಎತ್ತಿ ನೋಡುವುದು, ನೋಡಿದವರೆಲ್ಲ ಎಲ್ಲಾದರೂ ಒಂದು ಒತ್ತು ಒತ್ತುವುದು. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಒಬ್ಬೊಬ್ಬರಿಗೂ ನನಗಿಂತ ಚೆನ್ನಾಗಿ ಗೊತ್ತು. ಒಬ್ಬ ಮಹಾನುಭಾವ ನಾನಿಲ್ಲದಾಗ ಬಾಲದ ರೆಕ್ಕೆಯನ್ನು ತಲೆಕೆಳಗೆ ಒತ್ತಿ ಕೂರಿಸಿ ಹೋಗಿದ್ದ. ಅದನ್ನು ಬಿಚ್ಚಲು ನನಗೆ ಎರಡು ದಿನ ಬೇಕಾಯಿತು. ಅವತ್ತು ನನ್ನ ತಲೆ ಕೆಟ್ಟಿತು. ಕವರಾಲಿನ ಜೇಬಿನಲ್ಲಿದ್ದ ಖಾಲಿ ಟ್ಯಾಗ್ ನೆನಪಾಯಿತು. ಒಂದನ್ನು ತೆಗೆದೆ. ಬಲಗೈಯಲ್ಲಿ ಇನ್ನೂ ಬರೆಯಲಾಗುತ್ತಿರಲಿಲ್ಲ. ಎಡಗೈಯಲ್ಲಿ, ಒಂದನೇ ಕ್ಲಾಸಿನ ಮಗುವಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದೆ. ಹೆಸರು: ದಿನಕರ. ಕಾರಣ: ಕೆಲಸ ನಡೆಯುತ್ತಿದೆ. ಅಂದಿನ ತಾರೀಕು ಹಾಕಿ ವಿಮಾನದ ಚಕ್ರದ ಕಾಲಿಗೆ ದಾರದಿಂದ ಕಟ್ಟಿದೆ.

ಮಾರನೇ ದಿನದಿಂದ ಒಬ್ಬನೂ ಮುಟ್ಟಲಿಲ್ಲ. ಹೆಂಡತಿಯ ಮಾತು ಕೇಳದವರು, ಡಾಕ್ಟರ ಮಾತು ಕೇಳದವರು, ಆ ಕೆಂಪು ಚೀಟಿ ಕಂಡು ಕೈ ಹಿಂದಕ್ಕೆ ತೆಗೆದರು. ಕಸ ಗುಡಿಸುವವನು ಮೇಜಿನ ಸುತ್ತ ಗುಡಿಸಿ ಹೋಗುತ್ತಿದ್ದ. ಹಮೀದಾಕ ಊಟದ ತಟ್ಟೆಯನ್ನು ಮೇಜಿನ ಮೇಲೆ ಇಡುವುದನ್ನೇ ಬಿಟ್ಟರು. ನೆಲದ ಮೇಲೆ ಕೂತು ಖುಬ್ಬೂಸ್ ರೊಟ್ಟಿ ಮುರಿಯುತ್ತಿದ್ದರು. ಮೇಲೆ ಕೂತುಕೊಳ್ಳಿ ಎಂದರೆ, “ಟ್ಯಾಗ್ ಉಂಟಲ್ಲ,” ಎನ್ನುತ್ತಿದ್ದರು. ಕ್ಯಾಂಪಿನ ರೂಮಿಗೆ ಪ್ಲಾಂಟಿನ ಟ್ಯಾಗ್ ತರುವುದು ತಪ್ಪು ಎಂದು ಅವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಬೇರೆ ಬೇರೆ ಪ್ಲಾಂಟುಗಳಲ್ಲಿ ಹದಿನೇಳು ವರ್ಷ ಟ್ಯಾಗ್ ಕಟ್ಟಿದ ಕೈ ಅದು. ಅದಕ್ಕೆ ಬೇರೆ ಬುದ್ಧಿ ಎಲ್ಲಿಂದ ಬರಬೇಕು?

ಊರಿಗೆ ಫೋನ್ ಮಾಡಿದಾಗ ಇಷ್ಟು ದಿನ ಮುಚ್ಚಿಟ್ಟಿದ್ದ ಕಾಗದದ ವಿಷಯವನ್ನು ಸುಮತಿಗೆ ಹೇಳಿದೆ. ಸುಮತಿ ನನ್ನ ಹೆಂಡತಿ, ಕಿನ್ನಿಗೋಳಿಯ ಹತ್ತಿರ ಹಾಲಿನ ಸೊಸೈಟಿಯಲ್ಲಿ ಕೆಲಸ. ಬಾಯಿ ಕಡಿಮೆ, ಬಿಟ್ಟರೆ ಬಾಣ.

“ಸಹಿ ಹಾಕಿದ್ರೆ ಸ್ಟೋರಿನಲ್ಲಾದ್ರೂ ಇರಬಹುದು. ಮಕ್ಕಳ ಓದು ಉಂಟು,” ಎಂದೆ.

“ನೀವು ಟ್ಯಾಗ್ ಕಟ್ಟಿದ್ದು ಹೌದಾ?”

“ಹೌದು.”

“ಮತ್ತೆ ಸಹಿ ಎಂತಕ್ಕೆ?”

“ಕೆಲಸ ಹೋದ್ರೆ?”

“ಹೋದ್ರೆ ಬನ್ನಿ. ಮಾಡದ ತಪ್ಪು ಹೊತ್ತುಕೊಂಡು ಬರಬೇಡಿ. ಅದನ್ನು ಇಡ್ಲಿಕ್ಕೆ ಮನೆಯಲ್ಲಿ ಜಾಗ ಇಲ್ಲ.”

ಆಮೇಲೆ ನಾನು ಸಹಿಯ ಬಗ್ಗೆ ಯೋಚಿಸಲಿಲ್ಲ. ಊರಿಗೆ ಹೋಗುವುದಾದರೂ ಟೆಕ್ನಿಷಿಯನ್ ಆಗಿಯೇ ಹೋಗುತ್ತೇನೆ, ಈ ಕೈ ಹಿಡಿಯುವುದನ್ನು ಕಲಿತ ಮೇಲೆಯೇ ಹೋಗುತ್ತೇನೆ ಎಂದು ನಿಶ್ಚಯಿಸಿದೆ.

ಆಗಸ್ಟಿನಲ್ಲಿ ರೂಮುಗಳ ತಪಾಸಣೆಗೆ ಕ್ಯಾಂಪ್ ಬಾಸ್ ಬಂದರು. ಸುಧಾಕರ ಅಂತ ಹೆಸರು, ಕುಂದಾಪುರದ ಕಡೆಯವರು. ಕೆಟ್ಟ ಮನುಷ್ಯರಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಮಂಚದ ಅಡಿ, ಕಪಾಟು ಎಲ್ಲ ನೋಡಿ ಮೇಜಿನ ಬಳಿ ಬಂದವರು ನಿಂತೇಬಿಟ್ಟರು.

“ಇದೆಂತ ದಿನಕರ? ಪ್ಲಾಂಟಿನ ಟ್ಯಾಗ್ ಇಲ್ಲಿ?”

“ಹೌದು ಸರ್. ಯಾರೂ ಮುಟ್ಟದಿರಲಿಕ್ಕೆ.”

“ಅಯ್ಯೋ ದೇವರೆ! ಸೇಫ್ಟಿಯ ಸಾಮಾನು ಹೊರಗೆ ತಂದ್ರೆ ವಯಲೇಷನ್ ಅಂತ ಗೊತ್ತಿಲ್ವಾ ನಿಮಗೆ? ಅದೂ ಈಗ, ಆ ಕೇಸು ನಡೀತಾ ಇರುವಾಗ! ತೆಗೆದು ಕೊಡಿ ಬೇಗ. ನಾನು ನೋಡ್ಲೇ ಇಲ್ಲ ಅಂದ್ಕೊಳ್ತೇನೆ.”

ಅವರು ಕೈ ಮುಂದೆ ಚಾಚಿದರು. ನೆಲದ ಮೇಲೆ ಕೂತಿದ್ದ ಹಮೀದಾಕ ಖುಬ್ಬೂಸ್ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಹೇಳಿದರು:

“ಸರ್, ಹೆಸರು ಅವನದ್ದು. ನೀವು ಬಿಚ್ಚುವ ಹಾಗಿಲ್ಲ.”

ಸುಧಾಕರರ ಕೈ ಗಾಳಿಯಲ್ಲೇ ನಿಂತಿತು. ನನ್ನ ಮುಖ ನೋಡಿದರು. ನಾನು ಬಿಚ್ಚಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದರೆಂದು ನನಗೆ ಗೊತ್ತಿತ್ತು. ಆದರೆ ನನ್ನ ಒಂದು ಟ್ಯಾಗನ್ನು ಆಗಲೇ ಯಾರೋ ಇಲ್ಲವಾಗಿಸಿದ್ದರು. ಎರಡನೆಯದನ್ನು ನಾನೇ ಇಲ್ಲವಾಗಿಸಲು ತಯಾರಿರಲಿಲ್ಲ.

“ಬರೆದು ಕಳಿಸಿ ಸರ್,” ಎಂದೆ. “ನಿಮ್ಮ ಕೆಲಸ ನೀವು ಮಾಡಿ.”

“ನಂಗೂ ಹೆಂಡ್ತಿ ಮಕ್ಕಳಿದ್ದಾರೆ ಮಾರಾಯ್ರೆ,” ಎಂದು ಗೊಣಗುತ್ತ ಫೋಟೋ ತೆಗೆದುಕೊಂಡು ಹೋದರು.

ಎರಡು ದಿನ ಯಾರೂ ಬರಲಿಲ್ಲ. ನಾನು ಡಬ್ಬಿಯಲ್ಲಿ ಬಂದಿದ್ದ ನಿಶಾನೆಯ ಸ್ಟಿಕ್ಕರ್‌ಗಳನ್ನು ಅಂಟಿಸಿದೆ, ಫ್ಯಾನು ತಿರುಗುವಂತೆ ಕೂರಿಸಿದೆ. ಉಳಿದದ್ದು ಪೈಲಟ್ ತಲೆಯ ಮೇಲಿನ ಗಾಜಿನಂಥ ಮುಚ್ಚಳ ಒಂದೇ. ಬಟಾಣಿಯಷ್ಟು ದೊಡ್ಡದು, ನೀರುಗುಳ್ಳೆಯಷ್ಟು ತೆಳ್ಳಗೆ. ಒತ್ತಿದರೆ ಒಡೆಯುತ್ತದೆ ಎಂಬ ಹೆದರಿಕೆಗೆ ಅದನ್ನು ಕೊನೆಗೆ ಇಟ್ಟಿದ್ದೆ.

ಮೂರನೇ ದಿನ ಎಂಜಿನಿಯರ್ ಫಹದ್ ಬಂದರು. ನಮ್ಮ ವಿಭಾಗದ ಮುಖ್ಯಸ್ಥ, ದಮ್ಮಾಮ್‌ನವರು. ವಿಚಾರಣೆ ನಡೆಸಿದ ಮೂವರಲ್ಲಿ ಒಬ್ಬರು. ಎಂಜಿನಿಯರುಗಳು ಕ್ಯಾಂಪಿನ ರೂಮಿಗೆ ಬರುವುದು ಇಲ್ಲವೇ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಅವರ ಕೈಯಲ್ಲಿ ಸಹಿಯ ಆ ಕಾಗದವಿದ್ದ ಫೈಲೂ ಇತ್ತು. ಹಿಂದೆ ಸುಧಾಕರ, ಮುಖ ಬಿಳಿಚಿಕೊಂಡು. ಶುಕ್ರವಾರವಾದ್ದರಿಂದ ಹಮೀದಾಕ ರೂಮಿನಲ್ಲೇ ಇದ್ದರು.

ಫಹದ್ ಬಗ್ಗಿ ಟ್ಯಾಗ್ ಓದಿದರು. ತಾರೀಕು ನೋಡಿದರು.

“ಮೂರು ವಾರದಿಂದ ಇದೆ?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಹೌದು ಸರ್.”

“ಆಟದ ಸಾಮಾನಿಗೆ ಟ್ಯಾಗ್ ಏಕೆ?”

ಅಷ್ಟು ದಿನ ವಿಚಾರಣೆಯಲ್ಲಿ ಸಿಗದ ಮಾತು ಆಗ ಬಾಯಿಗೆ ಬಂತು. ನನ್ನ ಇಂಗ್ಲಿಷ್ ಹರಕು. ಹರಕಿನಲ್ಲೇ ಹೇಳಿದೆ:

“ಸರ್, ಪ್ಲಾಸ್ಟಿಕ್ ವಿಮಾನಕ್ಕೆ ಕೈ ಹಾಕುವ ಮೊದಲೂ ಟ್ಯಾಗ್ ಕಟ್ಟುವ ಮನುಷ್ಯ ನಾನು. ಇದಕ್ಕೆ ಗಾಳಿ ಬರುವುದಿಲ್ಲ, ಇದು ಯಾರ ಬೆರಳನ್ನೂ ಕಡಿಯುವುದಿಲ್ಲ. ಆದರೂ ಕಟ್ಟಿದ್ದೇನೆ. ಅಂಥವನು ಗಾಳಿ ಇರುವ ವಾಲ್ವಿಗೆ ಟ್ಯಾಗ್ ಕಟ್ಟದೆ ಕೈ ಹಾಕಿದ ಎಂದು ನೀವು ಬರೆದಿದ್ದೀರಿ.”

ಫಹದ್ ನನ್ನನ್ನು ನೋಡಲಿಲ್ಲ. ನನ್ನ ಕೈ ನೋಡಿದರು. ನಂತರ ಮೇಜಿನ ಮೇಲಿದ್ದ ಮುಚ್ಚಳ ತೋರಿಸಿ, ಇದು ಉಳಿದಿದೆಯಲ್ಲ ಎಂದರು. ಹೌದು ಎಂದೆ. ಹಾಕು ಎಂದರು.

ಕೂತೆ. ಎಡಗೈಯನ್ನು ಮೇಜಿನ ಕೆಳಗೆ ಇಟ್ಟೆ. ಮುಚ್ಚಳವನ್ನು ಬಲಗೈಯ ಎರಡು ಬೆರಳುಗಳಲ್ಲಿ ಎತ್ತಿದೆ. ಮೊದಲ ಸಲ ಓರೆಯಾಯಿತು, ಒತ್ತದೆ ಎತ್ತಿದೆ. ಎರಡನೇ ಸಲವೂ ಓರೆ. ಹಿಂದೆ ಹಮೀದಾಕ ತುಳುವಿನಲ್ಲಿ ಅವಸರ ಮಾಡಬೇಡ ಎಂದದ್ದು ಕೇಳಿಸಿತು. ಮೂರನೇ ಸಲ ಮೊಳೆ ತೂತನ್ನು ಹುಡುಕಿಕೊಂಡಿತು. ಹೆಬ್ಬೆರಳು ಇಳಿಸಿದೆ. ಟಕ್.

“ಕೆಲಸ ಮುಗಿಯಿತು,” ಎಂದರು ಫಹದ್. “ಈಗ ಟ್ಯಾಗ್ ಬಿಚ್ಚಬಹುದು.”

“ಮುಗಿಯಲಿಲ್ಲ ಸರ್. ವಿಚಾರಣೆಯ ವರದಿ ಬಾಕಿ ಇದೆ. ಅದು ಸರಿಯಾದ ದಿನ ಬಿಚ್ಚುತ್ತೇನೆ.”

ಸುಧಾಕರ ಕಣ್ಣು ಮುಚ್ಚಿಕೊಂಡರು. ಆ ಕ್ಷಣದಲ್ಲಿ ನನಗೂ ಮುಂದಿನ ವಿಮಾನದಲ್ಲಿ ಕಿಟಕಿ ಸೀಟು ಸಿಗಬಹುದು ಎಂದು ಅನಿಸಿದ್ದುಂಟು. ಹೆದರಿಕೆಯೂ ಆಯಿತು. ಆದರೆ ಆಡಿದ ಮಾತನ್ನು ನುಂಗಲಿಲ್ಲ. ಫಹದ್ ಫೈಲನ್ನು ತೆರೆಯದೆ ಕಂಕುಳಲ್ಲಿ ಇಟ್ಟುಕೊಂಡು, ಭಾನುವಾರ ವರ್ಕ್‌ಶಾಪಿಗೆ ಬಾ, ನಿನ್ನ ಕೈಕೆಲಸದ ಪರೀಕ್ಷೆ, ಟ್ರೇಡ್ ಟೆಸ್ಟ್, ಮಾಡುತ್ತೇನೆ ಎಂದರು. ಹೋಗುವಾಗ ಮಾತ್ರ, ಮುಂದೆ ಟ್ಯಾಗನ್ನು ಪ್ಲಾಂಟಿನಿಂದ ಹೊರಗೆ ತರಬೇಡ ಎಂದು ಬೈದರು. ಅದು ನ್ಯಾಯವಾದ ಬೈಗುಳ, ತಲೆ ತಗ್ಗಿಸಿ ಕೇಳಿಸಿಕೊಂಡೆ.

ಭಾನುವಾರ ವಾಲ್ವಿನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸಿದೆ. ಮೊದಲು ನಲವತ್ತು ನಿಮಿಷದ ಕೆಲಸ, ಅವತ್ತು ಎರಡು ಗಂಟೆಯಾಯಿತು. ಒಂದು ಸ್ಕ್ರೂ ಕೂಡ ಬೀಳಲಿಲ್ಲ. ಟೆಕ್ನಿಷಿಯನ್ ಆಗಿಯೇ ಉಳಿದೆ, ಇಕಾಮಾ ಮುಂದುವರಿಯಿತು, ಸಹಿ ಹಾಕಬೇಕಾದ ಕಾಗದ ಮತ್ತೆ ನನ್ನ ಮುಂದೆ ಬರಲಿಲ್ಲ. ರೂಮಿಗೆ ಬಂದು ಹೇಳಿದಾಗ ಹಮೀದಾಕ ಎದ್ದು ಬಂದು ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಹಿಸುಕಿದರು. ನೋವಾಯಿತು. ಬಿಡಿ ಎನ್ನಲಿಲ್ಲ.

ಆದರೆ ವರದಿಯಲ್ಲಿ ‘ಟ್ಯಾಗ್ ಇರಲಿಲ್ಲ’ ಎಂಬ ಸಾಲನ್ನು ಹೊಡೆದು ‘ಟ್ಯಾಗ್ ಇತ್ತೇ ಇಲ್ಲವೇ ಸ್ಪಷ್ಟವಿಲ್ಲ’ ಎಂದು ಬರೆದರು. ಫಹದ್ ಅಷ್ಟೇ ಮಾಡಲು ಸಾಧ್ಯವಾಯಿತಂತೆ. ಉಳಿದವರು ಇಷ್ಟಾದರೂ ಆಯಿತಲ್ಲ, ಸುಮ್ಮನಿರು ಎಂದರು. ನನಗೆ ಸಾಕಾಗಲಿಲ್ಲ. ನನಗೆ ಎಲ್ಲ ಸ್ಪಷ್ಟವಿತ್ತು. ಫಹದ್ ವಿಮಾನವನ್ನು ವರ್ಕ್‌ಶಾಪಿನಲ್ಲಿಡಲು ಕೇಳಿದಾಗ, ಕೊಡುತ್ತೇನೆ, ಟ್ಯಾಗ್ ಸಮೇತ ಎಂದೆ. ಅವರು ನಕ್ಕು, ಸರಿ, ಟ್ಯಾಗ್ ಈಗ ಪ್ಲಾಂಟಿನೊಳಗೇ ಇರುತ್ತದಲ್ಲ ಎಂದರು. ಹಮೀದಾಕ ಮಾರನೇ ವರ್ಷ ಊರಿಗೆ ಹೋಗಿ ಅಲ್ಲೇ ನಿಂತರು. ಮೊಮ್ಮಗನಿಗೆ ಇನ್ನೊಂದು ವಿಮಾನದ ಡಬ್ಬಿಯನ್ನು ನಾನೇ ತಂದು ಅವರ ಪೆಟ್ಟಿಗೆಯಲ್ಲಿ ಹಾಕಿದೆ. ಫಹದ್ ಬೇರೆ ಕಡೆ ಹೋದರು. ಕೊನೆಗೆ ನಾನೂ ಜಿದ್ದಾಕ್ಕೆ ಹೋದೆ.

ಇಷ್ಟು ವರ್ಷಗಳ ನಂತರ ಅದೇ ಕಪಾಟಿನ ಕೆಳಗೆ ವಿಸಿಟರ್ ಪಾಸ್ ಹಾಕಿಕೊಂಡು ನಿಂತಿದ್ದೆ. ಟ್ಯಾಗ್ ಅಲ್ಲೇ ಇತ್ತು. ಕಿಟಕಿಯ ಬಿಸಿಲಿಗೆ ಕೆಂಪು ಬಣ್ಣ ಗುಲಾಬಿಯಾಗಿತ್ತು, ನನ್ನ ಎಡಗೈಯ ವಕ್ರ ಅಕ್ಷರಗಳು ಅರ್ಧ ಮಾಸಿದ್ದವು. ವಿಭಾಗದ ಈಗಿನ ಎಂಜಿನಿಯರ್ ರೀಮ್ ಎಂಬ ಸೌದಿ ಹುಡುಗಿ. ನಾನು ಅಲ್ಲೇ ನೋಡುತ್ತ ನಿಂತದ್ದನ್ನು ಕಂಡು ಹತ್ತಿರ ಬಂದಳು.

“ಅದನ್ನು ಮುಟ್ಟಬೇಡಿ,” ಎಂದಳು ಇಂಗ್ಲಿಷಿನಲ್ಲಿ. “ಪ್ರತಿ ಸಲ ಆಡಿಟ್‌ನವರು ತೆಗೆಯಿರಿ ಎನ್ನುತ್ತಾರೆ. ದಿನಕರ ಯಾರೆಂದು ನಮಗೆ ಯಾರಿಗೂ ಗೊತ್ತಿಲ್ಲ. ಹೆಸರು ನಮ್ಮದಲ್ಲದ ಮೇಲೆ ತೆಗೆಯುವುದು ಹೇಗೆ?”

“ನಾನೇ ದಿನಕರ,” ಎಂದೆ.

ಅವಳು ನನ್ನ ಪಾಸಿನ ಮೇಲಿನ ಹೆಸರು ನೋಡಿದಳು, ಟ್ಯಾಗ್ ನೋಡಿದಳು. ಸ್ಟೂಲು ಎಳೆದು ತಂದು ಹತ್ತಿ ವಿಮಾನವನ್ನು ಇಳಿಸಿ ಮೇಜಿನ ಮೇಲಿಟ್ಟಳು. “ಹಾಗಾದರೆ ನೀವು ತೆಗೆಯಬಹುದು. ಕೆಲಸ ಮುಗಿದಿದೆಯಲ್ಲ?”

ವಿಮಾನದ ಎಡಗಾಲಿಗೆ ಬಿಳಿ ಟೇಪು ಹಾಗೇ ಇತ್ತು. ಧೂಳು ಒರೆಸಿದೆ, ಫ್ಯಾನು ತಿರುಗಿಸಿದೆ, ತಿರುಗಿತು. ನನ್ನ ಎರಡನೇ ಟ್ಯಾಗನ್ನು ಇಷ್ಟು ವರ್ಷ, ಇಷ್ಟು ಶಟ್‌ಡೌನ್‌ಗಳಲ್ಲಿ, ನನ್ನ ಮುಖವನ್ನೇ ಕಾಣದ ಜನ ಕಾದಿದ್ದರು. ಮೊದಲನೆಯದನ್ನು ಒಂದು ಗಂಟೆ ಕಾಯಲು ಒಬ್ಬನಿಗೆ ಆಗಿರಲಿಲ್ಲ.

ರೀಮ್‌ಗೆ ಎಲ್ಲ ಹೇಳಿದೆ. ವರದಿಯ ಆ ಸಾಲನ್ನೂ ಹೇಳಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. ಯಾವ ವರ್ಷ, ಯಾವ ವಾಲ್ವ್ ಎಂದು ಕೇಳಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅದರಿಂದ ಏನಾದರೂ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ.

ಅವಳ ಪೆನ್ನು ಕೇಳಿ ತೆಗೆದುಕೊಂಡೆ. ಟ್ಯಾಗನ್ನು ಬಿಚ್ಚದೆ, ಮೇಜಿಗೆ ಒತ್ತಿ ಹಿಡಿದು, ಮಾಸಿದ ಅಕ್ಷರಗಳ ಮೇಲೆ ಒಂದೊಂದಾಗಿ ಮತ್ತೆ ಬರೆದೆ. ಹೆಸರು: ದಿನಕರ. ಕಾರಣ: ಕೆಲಸ ನಡೆಯುತ್ತಿದೆ. ಈ ಸಲ ಬಲಗೈಯಲ್ಲಿ.